ಪೈಲ್ವಾನನ ಪಥ್ಯ

ಅಡುಗೆಯ ವಿಷಯದಲ್ಲಿ ಸುಳ್ಳು ಹೇಳುವುದು ಗಂಡನಾದವನ ಧರ್ಮ ಎಂದೇ ನಾನು ನಂಬಿಕೊಂಡು ಬಂದವನು. ಸಾರಿಗೆ ಉಪ್ಪು ಹೆಚ್ಚಾದ ದಿನ ಅನ್ನವನ್ನು ಹೊಗಳುತ್ತೇನೆ. ಅನ್ನ ಮುದ್ದೆಯಾದ ದಿನ ಉಪ್ಪಿನಕಾಯಿಯನ್ನು. ನಮ್ಮ ಮನೆಯಲ್ಲಿ ಊಟದ ಬಗ್ಗೆ ಸತ್ಯ ನುಡಿಯುವವನು ಒಬ್ಬನೇ, ನಮ್ಮ ನಾಯಿ ಪೈಲ್ವಾನ. ಇಷ್ಟವಾದರೆ ತಟ್ಟೆ ನೆಕ್ಕುತ್ತಾನೆ. ಇಲ್ಲದಿದ್ದರೆ ಒಮ್ಮೆ ಮೂಸಿ, ನನ್ನ ಹೆಂಡತಿ ಶಾರದೆಯ ಮುಖ ನೋಡಿ, ಹೋಗಿ ಮಲಗುತ್ತಾನೆ. ಅಷ್ಟು ಧೈರ್ಯ ನನಗೆ ಈ ಜನ್ಮದಲ್ಲಿ ಬರಲಿಕ್ಕಿಲ್ಲ.

ಪೈಲ್ವಾನ ಎಂದು ಹೆಸರಿಟ್ಟಾಗ ಅವನು ಹೆಸರಿಗೆ ತಕ್ಕಂತೆಯೇ ಇದ್ದ. ಚಳ್ಳಕೆರೆಯ ನಮ್ಮ ಬೀದಿಗೆ ಬೇರೆ ಬೀದಿಯ ನಾಯಿ ಕಾಲಿಡಬೇಕಾದರೆ ಅವನ ಅಪ್ಪಣೆ ಬೇಕಿತ್ತು. ಈಗ ವಯಸ್ಸಾಯಿತು. ಏಳುವಾಗ ಹಿಂಗಾಲು ಒಪ್ಪುವುದಿಲ್ಲ. ಒಂದು ದಿನ ಮನೆಯ ಮೆಟ್ಟಿಲ ಕೆಳಗೆ ನಿಂತು ಹತ್ತಲಾರದೆ ಕುಂಯ್ ಎಂದ. ದನದ ಆಸ್ಪತ್ರೆಗೆ ಕರೆದೊಯ್ದೆವು. ಡಾಕ್ಟರು ಕಾಲು ಮಡಿಸಿ, ಬಿಡಿಸಿ ನೋಡಿ, “ಕೀಲು ಸವೆದಾವೆ ಸಾರ್. ಮಾತ್ರೆ ಕೊಡ್ತೀನಿ, ಆದ್ರೆ ಮೊದ್ಲು ತೂಕ ಇಳಿಸ್ರಿ. ಹೋಟ್ಲು ತಿಂಡಿ ಬಂದ್ ಮಾಡ್ರಿ” ಎಂದರು. ಹಾಗೆನ್ನುವಾಗ ಅವರು ನಾಯಿಯ ಹೊಟ್ಟೆಯನ್ನು ಬಿಟ್ಟು ನನ್ನದನ್ನು ನೋಡುತ್ತಿದ್ದುದು ನನಗೆ ಸರಿಕಾಣಲಿಲ್ಲ.

ಮರುದಿನದಿಂದ ಶಾರದೆ ಪೈಲ್ವಾನನ ಪಥ್ಯಕ್ಕೆ ನಿಂತಳು. ಮೂಳೆ ತೆಗೆದ ಕೋಳಿ, ಸಿಹಿಗುಂಬಳ, ಕ್ಯಾರೆಟ್, ಒಂದು ಹಿಡಿ ನವಣೆ ಅಕ್ಕಿ, ನುಗ್ಗೆಸೊಪ್ಪು, ಚಿಟಿಕೆ ಅರಿಶಿನ. ಉಪ್ಪು, ಖಾರ, ಎಣ್ಣೆ, ಈರುಳ್ಳಿ, ಬೆಳ್ಳುಳ್ಳಿ ಯಾವುದೂ ಇಲ್ಲ. ಎಲ್ಲವನ್ನೂ ಮೆತ್ತಗೆ ಬೇಯಿಸಿ, ಸ್ಟೀಲ್ ಡಬ್ಬಿಗೆ ಹಾಕಿ ಆರಲು ಇಡುತ್ತಿದ್ದಳು. ಪಕ್ಕದಲ್ಲೇ ಅಂಥದೇ ಇನ್ನೊಂದು ಡಬ್ಬಿಯಲ್ಲಿ ನನ್ನ ರೊಟ್ಟಿ, ಬದನೆಕಾಯಿ ಪಲ್ಯ. ಬಸ್ಸಿನ ಹಾರನ್ ಕೇಳಿದ ಗಡಿಬಿಡಿಯಲ್ಲಿ ನಾನು ಒಂದು ದಿನ ಯಾವುದನ್ನು ಎತ್ತಿಕೊಂಡು ಓಡಿದೆ ಎಂಬುದನ್ನು ನೀವು ಊಹಿಸಿರುತ್ತೀರಿ.

ನಾನು ಮೊಳಕಾಲ್ಮೂರಿನ ಒಂದು ರೇಷ್ಮೆ ಸೀರೆ ಅಂಗಡಿಯಲ್ಲಿ ಗುಮಾಸ್ತ. ಅಂಗಡಿಯ ಯಜಮಾನರು ಓಬಳಪ್ಪನವರು; ಆಂಧ್ರದ ಗಡಿಯವರಾದ್ದರಿಂದ ಅವರ ಮಾತಿನಲ್ಲಿ ತೆಲುಗು ಬೆರೆತಿರುತ್ತದೆ. ವರ್ಷಗಟ್ಟಲೆ ಗಾದಿಯ ಮೇಲೆ ಚಕ್ಕಳಮಕ್ಕಳ ಕೂತು ಸೀರೆ ಬಿಚ್ಚಿ ಬಿಚ್ಚಿ ಅವರ ಮಂಡಿಗಳು ಕೈಕೊಟ್ಟಿದ್ದವು. ಏಳುವಾಗ ಎರಡು ಕಡೆ ಇಬ್ಬರು ಬೇಕು. ಬಿ.ಪಿ. ಬೇರೆ. ಅವರ ಮನೆಯವರು ಮಾತ್ರ ಇದ್ಯಾವುದನ್ನೂ ಲೆಕ್ಕಿಸದೆ, ಎಣ್ಣೆ ತೇಲುವ ಮಟನ್ ಸಾರು, ಶೇಂಗಾ ಚಟ್ನಿ ಕಳಿಸುತ್ತಿದ್ದರು. ಅದರ ಪರಿಮಳಕ್ಕೆ ನನ್ನ ಬದನೆಕಾಯಿ ದಿನವೂ ನಾಚುತ್ತಿತ್ತು.

ಆ ಮಧ್ಯಾಹ್ನ ಡಬ್ಬಿ ತೆರೆದವನೇ ಧಡಕ್ಕನೆ ಮುಚ್ಚಿಬಿಟ್ಟೆ. ಅಷ್ಟರಲ್ಲಿ ಯಜಮಾನರು ನೋಡಿಯಾಗಿತ್ತು.

“ಏಮಯ್ಯಾ, ಏನದು ಹಳದಿ?”

“ಪಥ್ಯ ಸಾರ್. ಕೀಲುನೋವಿಗೆ ಒಳ್ಳೇದು ಅಂತ ಡಾಕ್ಟ್ರು ಹೇಳಿದ್ದು.”

ಇದರಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ ಎಂಬುದನ್ನು ನೀವು ಗಮನಿಸಬೇಕು. ಯಾರ ಕೀಲು, ಯಾವ ಡಾಕ್ಟರು ಎಂದು ಅವರು ಕೇಳಲಿಲ್ಲ. ನನ್ನ ಡಬ್ಬಿ ಎಳೆದುಕೊಂಡು, ತಮ್ಮದನ್ನು ನನ್ನ ಕಡೆ ತಳ್ಳಿದರು. ಒಂದು ತುತ್ತು ತಿಂದರು. ಕಣ್ಣು ಮುಚ್ಚಿದರು. ನನ್ನ ಕೆಲಸ ಹೋಯಿತು ಎಂದುಕೊಂಡೆ.

“ಚಾಲಾ ಬಾಗುಂದಿ ಕಣಯ್ಯಾ, ಭಾಳ ಚೆನ್ನಾಗೈತೆ! ಉಪ್ಪಿಲ್ದಿದ್ರೂ ಕುಂಬಳಕಾಯಿ ಸಿಹಿ ಐತೆ. ನಾಳೆನೂ ತಗಂಬಾ.”

ನಾನು ಮಟನ್ ಸಾರಿನಲ್ಲಿ ಮುಳುಗಿದ್ದೆ. ಬೇಡವೆನ್ನಲು ಬಾಯಿ ಖಾಲಿ ಇರಲಿಲ್ಲ.

ಸಂಜೆ ಮನೆಗೆ ಬಂದರೆ ಶಾರದೆ ಬಾಗಿಲಲ್ಲೇ ನಿಂತಿದ್ದಳು. “ಪೈಲ್ವಾನನ ಡಬ್ಬಿ ಎಲ್ಲಿ? ಅವನಿಗೆ ಮತ್ತೆ ಬೇಯಿಸಬೇಕಾಯ್ತು. ಏನ್ ಮಾಡಿದ್ರಿ ಅದನ್ನ?”

“ತಿಂದೆ. ಬಹಳ ಚೆನ್ನಾಗಿತ್ತು. ನಾಳೆಯಿಂದ ನನಗೂ ಅದನ್ನೇ ಕಟ್ಟು” ಎಂದೆ. ಉಪ್ಪು ಖಾರವಿಲ್ಲದ ಅಡುಗೆಗೂ ಮೆಚ್ಚುಗೆ ಸಿಕ್ಕಿತಲ್ಲ, ಅವಳ ಕಣ್ಣು ತುಂಬಿ ಬಂತು. ಅಂದು ನನಗೆ ಎರಡು ಸಲ ಕಾಫಿ ಸಿಕ್ಕಿತು.

ಹೀಗೆ ಕೆಲವು ತಿಂಗಳು ಸಾಗಿತು. ಇಲ್ಲಿ ಪೈಲ್ವಾನ ಇಳಿದ, ಅಲ್ಲಿ ಯಜಮಾನರು ಇಳಿದರು, ನಡುವೆ ನಾನೊಬ್ಬ ಏರಿದೆ. ಪೈಲ್ವಾನ ಮೆಟ್ಟಿಲು ಹತ್ತತೊಡಗಿದ. ಯಜಮಾನರು ಒಬ್ಬರ ಆಸರೆಯಿಂದಲೇ ಏಳತೊಡಗಿದರು. “ಪಥ್ಯ ಮಾಡಿಯೂ ಹೊಟ್ಟೆ ಬರ್ತೈತಲ್ರೀ, ನಿಮ್ದು ಎಂಥಾ ಮೈಯೋ!” ಎಂದು ಶಾರದೆ ನನ್ನ ಪಾಲಿನ ನವಣೆಯನ್ನು ಕಡಿಮೆ ಮಾಡಿದಳು. ಯಜಮಾನರು, “ಯಾಕಯ್ಯಾ, ಇತ್ತೀಚೆಗೆ ಡಬ್ಬಿ ಹಗುರ ಆಗೈತೆ?” ಎಂದು ಗುರುಗುಟ್ಟಿದರು.

ಒಂದು ಭಾನುವಾರ ಚಳ್ಳಕೆರೆಯಲ್ಲಿ ಯಾರದೋ ಮದುವೆಗೆ ಬಂದಿದ್ದ ಯಜಮಾನರು ಹೇಳದೆ ಕೇಳದೆ ನಮ್ಮ ಮನೆಗೆ ಬಂದುಬಿಟ್ಟರು. “ನಿಮ್ಮ ಕೈಗೊಂದು ನಮಸ್ಕಾರ ಹೇಳಾಕೆ ಬಂದೆ ತಾಯೀ” ಎಂದು ಒಳಗೆ ಕಾಲಿಟ್ಟರೆ, ಶಾರದೆ ಆಗತಾನೇ ಪೈಲ್ವಾನನ ತಟ್ಟೆಗೆ ಬಡಿಸುತ್ತಿದ್ದಳು. ಅದೇ ಹಳದಿ, ಅದೇ ಕುಂಬಳಕಾಯಿ. ನಾನು ಕ್ಯಾಲೆಂಡರಿನಲ್ಲಿ ತಿಥಿ ನೋಡುತ್ತ ನಿಂತೆ.

“ಇದು...” ಎಂದರು ಯಜಮಾನರು.

“ನಮ್ಮ ನಾಯಿ ಪಥ್ಯ ಸಾರ್. ಕಾಲಿನ ಕೀಲು ಹಿಡ್ಕೊಂಡಿತ್ತು. ಇವ್ರೂ ದಿನಾ ಇದನ್ನೇ ಕಟ್ಟಿಸ್ಕೊಂಡು ಬರ್ತಾರಲ್ಲ, ನೀವು ನೋಡಿಲ್ವಾ?”

ಪೈಲ್ವಾನ ತಟ್ಟೆ ನೆಕ್ಕುತ್ತಿದ್ದ. ನೆಕ್ಕಿ ಮುಗಿಸಿ ಎದ್ದು, ಹೊರಗಿನ ಮೆಟ್ಟಿಲು ಇಳಿದು, ಗೇಟಿನವರೆಗೆ ಹೋಗಿ, ಯಾರನ್ನೋ ಬೊಗಳಿ, ಮತ್ತೆ ಹತ್ತಿ ಬಂದ. ಯಜಮಾನರು ಅವನ ಹಿಂಗಾಲುಗಳನ್ನೇ ನೋಡುತ್ತಿದ್ದರು. ಆಮೇಲೆ ನನ್ನನ್ನು ನೋಡಿದರು. ನಾನು ತಿಥಿಯಿಂದ ನಕ್ಷತ್ರಕ್ಕೆ ಹೋದೆ.

“ಮೊದ್ಲು ಹತ್ತಾಕೆ ಆಗ್ತಿರಲಿಲ್ವಾ?” ಎಂದು ಶಾರದೆಯನ್ನು ಕೇಳಿದರು.

“ಒಂದು ಮೆಟ್ಲೂ ಹತ್ತುತಿರಲಿಲ್ಲ ಸಾರ್.”

ಯಜಮಾನರು ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡರು. “ನೋಡಮ್ಮಾ, ಅದನ್ನ ತಿಂದಿದ್ದು ಈ ಮಹಾನುಭಾವ ಅಲ್ಲ, ನಾನು. ಇವ್ನು ದಿನಾ ತಿಂದಿದ್ದು ನಮ್ಮನೆ ಮಟನ್ ಸಾರು. ಹೋಗ್ಲಿ ಬಿಡು. ಆದ್ರೆ ನಂಗೂ ಇದಕ್ಕೂ ಒಂದೇ ಅಳತೆ ಹಾಕಿದ್ರೆ ಹೆಂಗೆ? ನಾನು ಇದಕ್ಕಿಂತ ದೊಡ್ಡವನಲ್ವಾ?”

ಅವರು ಹೋದ ಮೇಲೆ ಶಾರದೆ ನನ್ನೊಂದಿಗೆ ಜಗಳವಾಡಲಿಲ್ಲ. ನಾಯಿಯ ಮುಂದೆ ಕೂತು, “ಪೈಲ್ವಾನ, ನಿನ್ನ ಹೆಸರಲ್ಲಿ ಮಟನ್ ಹೊಡೆದೋರು ಯಾರು ಗೊತ್ತೇನೋ?” ಎಂದು ಕೇಳಿದಳು. ಅವನು ನನ್ನ ಕಡೆ ತಿರುಗಿ ನೋಡಿದ.

ಮರುದಿನದಿಂದ ಹೊಸ ವ್ಯವಸ್ಥೆ. ದೊಡ್ಡ ಪಾತ್ರೆಯಲ್ಲಿ ಇಬ್ಬರಿಗೆ ಪಥ್ಯ ಬೇಯುತ್ತದೆ. ಯಜಮಾನರ ಮನೆಯಿಂದ ಡಬ್ಬಿ ಬರುವುದು ನಿಂತುಹೋಗಿದೆ. “ಇಬ್ಬರ ಪಥ್ಯ ಮಾಡೋ ಹೊತ್ತಿಗೆ ನಿಮ್ಮ ಬಸ್ಸು ಬಂದಿರ್ತೈತೆ, ನಿಮ್ಮ ಊಟ ಹೋಟ್ಲಲ್ಲಿ ನೋಡ್ಕಳ್ರಿ” ಎಂದು ಶಾರದೆ ಆಜ್ಞೆ ಮಾಡಿದ್ದಾಳೆ. ಹಾಗಾಗಿ ಯಜಮಾನರಿಗೆ ಡಬ್ಬಿ ಕೊಟ್ಟು, ಎದುರಿನ ಹೋಟ್ಲಿನಲ್ಲಿ ಮಂಡಕ್ಕಿ ಮೆಣಸಿನಕಾಯಿ ಬಜ್ಜಿ ತಿಂದು ಬರುತ್ತೇನೆ.

ಮೊನ್ನೆ ಗಿರಾಕಿಗಳ ಮುಂದೆ ಕೆಳಗಿನ ಅರೆಯಿಂದ ಸೀರೆ ತೆಗೆಯಲು ಬಗ್ಗಿದೆ. ಮಂಡಿ ಲಟಕ್ಕೆಂದಿತು. ಏಳಲು ನೋಡಿದರೆ ಆಗಲಿಲ್ಲ. ಯಜಮಾನರು ಗಾದಿಯಿಂದ ಯಾರ ಆಸರೆಯೂ ಇಲ್ಲದೆ ಎದ್ದು ಬಂದು, ನನಗೆ ಕೈ ನೀಡಿ ಎಬ್ಬಿಸಿ, ಎಲ್ಲರಿಗೂ ಕೇಳುವಂತೆ ಹೇಳಿದರು:

“ಏಮಯ್ಯಾ, ಮನೇಲಿ ಅಂಥಾ ಅಡುಗೆ ಮಾಡೋರನ್ನ ಇಟ್ಕಂಡು, ನೀನೂ ದಿನಾ ಮನೆ ಊಟ ಮಾಡಬಾರದಾ?”