ಎದುರಂಗಡಿಯ ಸ್ಕ್ಯಾನರೂ ನನ್ನ ಹೊಟ್ಟೆಯುರಿಯೂ

ನಗುವಂಥ ಪ್ರಸಂಗಗಳು ಬೇರೆಯವರಿಗೆ ಆದರೆ ಚೆಂದ, ನಾವು ನಕ್ಕು ಮನೆಗೆ ಹೋಗಬಹುದು. ನನ್ನ ಹಣೆಬರಹದಲ್ಲಿ ಅದಿಲ್ಲ. ಶಿಡ್ಲಘಟ್ಟದಲ್ಲಿ ಗಾಡಿಗಳ ವೈರಿಂಗ್ ಕೆಲಸ ಮಾಡಿಕೊಂಡು ಕೂದಲು ನರೆತಿದೆ. ಆಗುವುದೆಲ್ಲ ನನಗೇ ಆಗುತ್ತದೆ, ನಗುವುದು ಮಾತ್ರ ಊರು.

ಅಡ್ರೆಸ್ ಕೇಳಿದವರು

ಹೋದ ವರ್ಷ ರಸ್ತೆಯ ಆ ಕಡೆ, ನನ್ನ ಅಂಗಡಿಗೆ ಸರಿಯಾಗಿ ಎದುರು, ಇನ್ನೊಬ್ಬ ಎಲೆಕ್ಟ್ರಿಷಿಯನ್ ಬಂದು ಕೂತ. ನನಗಿಂತ ಹದಿನೈದು ವರ್ಷ ಚಿಕ್ಕವನು. ಗಾಜಿನ ಬಾಗಿಲು, ಏಸಿ ಕೋಣೆ, ಗಿರಾಕಿಗಳಿಗೆ ಸೋಫಾ. ಅದೆಲ್ಲ ಹಾಳಾಗಿ ಹೋಗಲಿ, ಅವನ ಹತ್ತಿರ ಸ್ಕ್ಯಾನರ್ ಇತ್ತು. ಕಾರಿಗೆ ಸಿಕ್ಕಿಸಿದರೆ ಸಾಕು, ಏನು ಕೆಟ್ಟಿದೆ ಅಂತ ಪರದೆಯ ಮೇಲೆ ಬರುತ್ತದೆ. ನನ್ನ ಹತ್ತಿರ ಇದ್ದದ್ದು ಒಂದು ಟೆಸ್ಟ್ ಲ್ಯಾಂಪು, ಒಂದು ಮೀಟರು, ಒಂದು ಮರದ ಬೆಂಚು.

ಹೊಟ್ಟೆ ಉರಿಯಿತು. ಮುಚ್ಚಿಟ್ಟು ಏನು ಪ್ರಯೋಜನ? ಮಧ್ಯಾಹ್ನ ಬೆಂಚಿನ ಮೇಲೆ ಬುತ್ತಿ ಬಿಚ್ಚಿದರೂ ಕಣ್ಣು ಆ ಕಡೆಗೇ. ಬುತ್ತಿ ತಂದ ಹೆಂಡತಿ, "ಮುದ್ದೆ ನೋಡ್ಕೊಂಡು ತಿನ್ರೀ, ಅವನ ಸೋಫಾ ನೋಡ್ಕೊಂಡು ತಿಂದ್ರೆ ಜೀರ್ಣ ಆಗಲ್ಲ" ಅಂದಳು.

ಒಂದು ದಿನ ಬಿಳಿ ಕಾರೊಂದು ನನ್ನ ಮುಂದೆ ನಿಂತಿತು. ಎದ್ದು ಕೈ ಒರೆಸಿಕೊಂಡೆ. ಒಳಗಿದ್ದವರು ಗಾಜು ಇಳಿಸಿ, "ಅಣ್ಣಾ, ಇಲ್ಲಿ ಸ್ಕ್ಯಾನರ್ ಇರೋ ಅಂಗಡಿ ಯಾವ್ದು?" ಅಂದರು.

"ಅದಾ? ಮುಚ್ಬಿಟ್ರಲ್ಲ ಸಾರ್, ಹೋದ ವಾರನೇ" ಅಂದೆ.

ನನ್ನ ಬೆನ್ನ ಹಿಂದಿನಿಂದ ದನಿ ಬಂತು: "ಇಲ್ಲೇ ಬನ್ನಿ ಸಾರ್, ತೆಗ್ದಿದೆ!" ಎದುರಂಗಡಿಯವನೇ, ನನ್ನ ಹತ್ತಿರ ಸ್ಪ್ಯಾನರ್ ಕೇಳಲು ಬಂದಿದ್ದನಂತೆ.

ಮಾರ್ಕೆಟ್ಟಿನ ಮರ್ಯಾದೆ

ನನ್ನ ಹಳೆಯ ಗಿರಾಕಿಗಳಲ್ಲಿ ಜಂಗಮಕೋಟೆ ಗೌಡರು ಮುಖ್ಯರು. ರೇಷ್ಮೆ ಹುಳ ಸಾಕುವವರು. ಅವರು ಎಲ್ಲಿ ಗಾಡಿ ಬಿಡುತ್ತಾರೋ ಅವರ ಅಣ್ಣತಮ್ಮಂದಿರು, ಬೀಗರು, ಅಕ್ಕಪಕ್ಕದವರು ಎಲ್ಲ ಅಲ್ಲೇ ಬಿಡುತ್ತಾರೆ. ಗೌಡರು ರಸ್ತೆ ದಾಟಿ ಆ ಕಡೆ ಹೋದರೆ ಅರ್ಧ ಜಂಗಮಕೋಟೆ ದಾಟಿದ ಹಾಗೆ, ನಾನು ಬಾಗಿಲು ಹಾಕಿಕೊಂಡ ಹಾಗೆ.

ಅವರ ಹನ್ನೆರಡು ವರ್ಷದ ಕಾರಿಗೆ ಇದ್ದಕ್ಕಿದ್ದಂತೆ ತಲೆ ಕೆಟ್ಟಿತು. ಎಡಕ್ಕೆ ಇಂಡಿಕೇಟರ್ ಹಾಕಿದರೆ ವೈಪರ್ ಓಡುತ್ತದೆ. ಗಾಜು ಏರಿಸಿದರೆ ಒಳಗಿನ ಲೈಟು ಆರುತ್ತದೆ. ಬಾಗಿಲು ತೆಗೆದರೆ ಹಾರನ್ ಹೊಡೆಯುತ್ತದೆ.

ಅದೇ ಕಾರಲ್ಲಿ ಅವರು ರೇಷ್ಮೆ ಗೂಡಿನ ಮಾರ್ಕೆಟ್ಟಿಗೆ ಹೋದರು. ಗೇಟಿನ ಮುಂದೆ ಇಳಿಯಲು ಬಾಗಿಲು ತೆಗೆದರೆ ಪೋಂ ಎಂದು ಹಾರನ್. ಗೂಡಿನ ಮಂಕರಿ ಹೊತ್ತವರು ಬೆಚ್ಚಿ ದಾರಿ ಬಿಟ್ಟರು. ಗೇಟಿನವನು ಯಾರೋ ಸಾಹೇಬರು ಬಂದರೆಂದು ಎದ್ದು ಸಲಾಮು ಹೊಡೆದ.

ಸಂಜೆ ಗೌಡರು ನನ್ನ ಬೆಂಚಿನ ಮೇಲೆ ಕಾಲು ಮಡಚಿ ಕೂತು ಹೇಳಿದರು: "ಎಲ್ಲಾ ರಿಪೇರಿ ಮಾಡಪ್ಪ. ಆ ಹಾರನ್ ಒಂದ್ ಮಾತ್ರ ಮುಟ್ಬೇಡ."

ಹುಳದ ಊಟ

ಎರಡು ದಿನ ತಡಕಾಡಿದೆ. ರಿಲೇ ಬದಲಾಯಿಸಿದೆ, ಸ್ವಿಚ್ಚು ಬದಲಾಯಿಸಿದೆ. ಊಹೂಂ. ಗೌಡರು ಎದುರಂಗಡಿಯ ಕಡೆ ನೋಡಿ, "ಒಂದ್ಸಲ ಆ ಹುಡುಗನ ಮಿಷನ್‌ಗೆ ತೋರಿಸ್ಲೇನಪ್ಪ?" ಅಂದರು.

"ಮಿಷನ್ ಯಾಕ್ ಗೌಡ್ರೇ, ನಾನಿಲ್ವಾ?" ಅಂತ ಡ್ಯಾಶ್‌ಬೋರ್ಡ್ ಕೆಳಗೆ ತಲೆ ತೂರಿಸಿ, ಕಾಲು ಮೇಲೆ ಮಾಡಿ ಮಲಗಿದೆ. ಎಡಗಡೆ ಮೂಲೆಯಲ್ಲಿ ಬಾಡಿ ಕಂಟ್ರೋಲ್ ಮಾಡ್ಯೂಲ್ ಇರುತ್ತದೆ. ಲೈಟು, ವೈಪರು, ಲಾಕು ಎಲ್ಲವನ್ನೂ ಆಳುವ ಅಂಗೈಯಗಲದ ಡಬ್ಬಿ. ಬಿಚ್ಚಿದರೆ ಒಳಗೆಲ್ಲ ಹಸಿರು ಕಿಲುಬು, ನೀರು, ಜೊತೆಗೆ ಒಂದು ಹಿಪ್ಪುನೇರಳೆ ಎಲೆ.

ವಿಚಾರಿಸಿದರೆ ಗೌಡರು ದಿನಾ ತೋಟದಿಂದ ಹುಳಕ್ಕೆ ಹಾಕುವ ಸೊಪ್ಪನ್ನು ಒದ್ದೆ ಗೋಣಿಯಲ್ಲಿ ಸುತ್ತಿ, ಮುಂದಿನ ಸೀಟಿನ ಕಾಲ ಹತ್ತಿರ ಇಟ್ಟು ತರುತ್ತಿದ್ದರು. ಬಾಡಬಾರದು ಅಂತ ನಡುದಾರಿಯಲ್ಲಿ ನಿಲ್ಲಿಸಿ ಇನ್ನೊಂದು ಚೊಂಬು ನೀರನ್ನೂ ಚಿಮುಕಿಸುತ್ತಿದ್ದರಂತೆ. ಸೊಪ್ಪಿಗೆ ಬಿದ್ದದ್ದು ಅರ್ಧ, ಡಬ್ಬಿಗೆ ಬಿದ್ದದ್ದು ಅರ್ಧ.

"ಹಿಂದಿನ ಸೀಟಲ್ಲಿ ಇಡಬಾರದಾ ಗೌಡ್ರೇ?"

"ಹಿಂದೆ ನಮ್ಮೆಂಗಸ್ರು ಕೂತ್ಕೋತಾರೆ."

"ಅವರನ್ನ ಮುಂದೆ ಕೂರಿಸ್ಕೊಂಡು ಸೊಪ್ಪು ಹಿಂದೆ ಇಡಿ."

ಗೌಡರು ಹಿಂದಿನ ಸೀಟನ್ನೊಮ್ಮೆ, ಮುಂದಿನ ಸೀಟನ್ನೊಮ್ಮೆ ನೋಡಿದರು. "ಸೊಪ್ಪಾದ್ರೆ ದಾರಿಯುದ್ದಕ್ಕೂ ಸುಮ್ನೆ ಕೂತಿರ್ತದೆ ಕಣಪ್ಪ" ಅಂದರು.

ಭಕ್ತರಿಬ್ಬರು

ಅಷ್ಟು ಹಳೆಯ ಕಾರಿಗೆ ಹೊಸ ಮಾಡ್ಯೂಲ್ ಬರುವುದು ನಿಂತು ಎಷ್ಟೋ ಕಾಲವಾಗಿತ್ತು. ಚಿಕ್ಕಬಳ್ಳಾಪುರ, ಗೌರಿಬಿದನೂರು ಎಲ್ಲ ಕಡೆ ಫೋನು ಮಾಡಿದೆ. ಕೊನೆಗೆ ಚಿಂತಾಮಣಿಯಲ್ಲಿ, ಮುರುಗಮಲ್ಲದ ರಸ್ತೆಯ ಗುಜರಿ ಅಂಗಡಿಯ ಸಾಬರು, "ಅದೇ ಮಾಡಲ್ ಗಾಡಿ ಒಂದು ಬಿಚ್ಚಿದೀನಿ, ಬನ್ನಿ ಭಾಯ್" ಅಂದರು. ಎದುರಂಗಡಿಯವನಿಗೆ ಸುಳಿವು ಸಿಗಬಾರದೆಂದು ತರಕಾರಿ ಚೀಲ ಹಿಡಿದು ಬಸ್ಸು ಹತ್ತಿದೆ.

ಡಬ್ಬಿಯ ಮೇಲಿನ ನಂಬರು ತಾಳೆ ನೋಡಿ ಚೀಲಕ್ಕೆ ಹಾಕಿಕೊಂಡು ತಿರುಗಿದರೆ, ಮುರುಕಲು ಜೀಪಿನ ಹಿಂದೆ ಒಂದು ತಲೆ ಬಗ್ಗಿತು. ಎದುರಂಗಡಿಯವನೇ! 'ಇಲ್ಲಿ ಹೊಸ ಕಂಪನಿ ಮಾಲು ಮಾತ್ರ' ಅಂತ ಬೋರ್ಡು ಹಾಕಿಕೊಂಡವನು ಕಾರಿನ ಗಾಜು ಏರಿಸುವ ಹಳೆಯ ಮೋಟಾರೊಂದನ್ನು ಶರ್ಟಿನೊಳಗೆ ತುರುಕಿಕೊಂಡಿದ್ದ.

"ಏನಪ್ಪ ಇಲ್ಲಿ?" ಅಂದೆ.

"ಹಿಂಗೇ ಅಣ್ಣ, ಮುರುಗಮಲ್ಲ ದರ್ಗಾಕ್ಕೆ ಹೊರಟಿದ್ದೆ. ನೀವು?"

"ನಾನೂ ಅಲ್ಲಿಗೇ."

ಸಾಬರು ಒಳ್ಳೆಯ ಮನುಷ್ಯ, ನಮ್ಮಿಬ್ಬರ ಭಕ್ತಿಗೆ ಕರಗಿಹೋದರು. ರಸ್ತೆಗೆ ಓಡಿ, ಬರುತ್ತಿದ್ದ ಮುರುಗಮಲ್ಲದ ಬಸ್ಸಿಗೆ ಕೈ ಅಡ್ಡ ಹಾಕಿ ನಿಲ್ಲಿಸಿಯೇಬಿಟ್ಟರು. ಕಂಡಕ್ಟರ್ "ಎಕ್ಕಂಡಿ, ಎಕ್ಕಂಡಿ" ಅಂತ ತೆಲುಗಿನಲ್ಲಿ ಹತ್ತಲು ಅವಸರ ಮಾಡಿದ. ಖಾಲಿ ಇದ್ದದ್ದು ಒಂದೇ ಸೀಟು, ಇಬ್ಬರು ಕೂರುವಂಥದ್ದು. ಕೂತೆವು. ನನ್ನ ತೊಡೆಯ ಮೇಲೆ ಚೀಲ, ಅವನ ಹೊಟ್ಟೆಯ ಮೇಲೆ ಮೋಟಾರು. ದಾರಿಯುದ್ದಕ್ಕೂ ಇಬ್ಬರೂ ಈ ಸಲದ ಮಾವಿನ ಬೆಳೆಯ ಬಗ್ಗೆ ಮಾತಾಡಿದೆವು.

ಮನೆಗೆ ಬಂದು ದರ್ಗಾದ ಸಕ್ಕರೆ ಕೊಟ್ಟಾಗ ಹೆಂಡತಿ ಕೇಳಿದಳು: "ಏನಂತ ಬೇಡ್ಕೊಂಡ್ರಿ?"

"ಅವನೂ ಪಕ್ಕದಲ್ಲೇ ಬೇಡ್ಕೊಳ್ತಿದ್ದ ಕಣೇ. ಅವನದು ಈಡೇರ್ದೇ ಇರ್ಲಿ ಅಂತ."

ಐದು ನಿಮಿಷ

ಮಾರನೆಯ ದಿನ ಬ್ಯಾಟರಿ ಬಿಚ್ಚಿ, ಡಬ್ಬಿ ಕೂರಿಸಿ, ಗೌಡರ ಮುಂದೆ ಗತ್ತಿನಿಂದ ಕೀ ತಿರುಗಿಸಿದೆ. ಕಾರು ಉಸಿರೆತ್ತಲಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಕೀ ಚಿತ್ರದ ಕೆಂಪು ದೀಪ ಮಿಣುಕುತ್ತಿತ್ತು. ಆಗ ಹೊಳೆಯಿತು. ಈ ಡಬ್ಬಿಗೆ ಗುಜರಿಯಲ್ಲಿ ಬಿಚ್ಚಿದ ಕಾರಿನ ಕೀ ಮಾತ್ರ ಗೊತ್ತು, ಗೌಡರ ಕೀಯನ್ನು ಇದಕ್ಕೆ ಹೊಂದಿಸಬೇಕು. ಹೊಂದಿಸಲು ಸ್ಕ್ಯಾನರೇ ಬೇಕು.

ಇಡೀ ಶಿಡ್ಲಘಟ್ಟದಲ್ಲಿ ನನಗೆ ಗೊತ್ತಿದ್ದ ಸ್ಕ್ಯಾನರು ಒಂದೇ. ರಸ್ತೆ ದಾಟಿದೆ. ಇಪ್ಪತ್ತು ಅಡಿಯ ರಸ್ತೆ, ಅವತ್ತಿನಷ್ಟು ಅಗಲ ಯಾವತ್ತೂ ಇರಲಿಲ್ಲ.

ಅವನು ಹಲ್ಲು ಕಿರಿಯುತ್ತ ಬಂದ. ವೈರು ಸಿಕ್ಕಿಸಿದ, ನಾಲ್ಕು ಬಟನ್ ಒತ್ತಿದ, ಕೀ ತಿರುಗಿಸಿದ. ಕಾರು ಗುರ್ರೆಂದಿತು. ಇಂಡಿಕೇಟರಿಗೆ ಇಂಡಿಕೇಟರು, ವೈಪರಿಗೆ ವೈಪರು, ಎಲ್ಲ ಸರಿ. ಒಟ್ಟು ಐದು ನಿಮಿಷ. ನಾನು ಮೂರು ದಿನ ತಲೆಕೆಳಗಾಗಿ ಮಲಗಿದ್ದೆ, ಮೊಣಕೈ ಸಿಪ್ಪೆ ಎದ್ದಿತ್ತು. ಅವನ ಶರ್ಟಿನ ಇಸ್ತ್ರಿ ಕೂಡ ಮುರಿದಿರಲಿಲ್ಲ. ಕಿಚ್ಚಿಗೆ ಕಣ್ಣಲ್ಲಿ ನೀರೇ ಬಂತು. ಗೌಡರು ಹೋದರು, ಜಂಗಮಕೋಟೆ ಹೋಯಿತು ಅಂದುಕೊಂಡೆ.

"ಗೌಡ್ರೇ, ಇನ್ಮೇಲೆ ಸೀದಾ ನಂ ಹತ್ರನೇ ಬನ್ನಿ. ಏನಿದ್ರೂ ಐದ್ ನಿಮಿಷ" ಅಂದ ಅವನು.

ಗೌಡರು ಅವನನ್ನು ಮೇಲಿಂದ ಕೆಳಗೆ ನೋಡಿದರು. "ನಿಂಗೆ ಮದ್ವೆ ಆಗಿದ್ಯೇನಪ್ಪ?"

"ಇಲ್ಲ ಗೌಡ್ರೇ."

"ಅದಕ್ಕೇ ನಿಂಗೆ ತಿಳಿಯಲ್ಲ. ಮೊನ್ನೆ ರಾತ್ರಿಯಿಂದ ನಮ್ಮನೆಯವಳು ಗೌರಿಬಿದನೂರಿಗೆ, ಅವಳ ತಮ್ಮನ ಮನೆಗೆ ಕರ್ಕೊಂಡ್ ಹೋಗು ಅಂತ ಕೂತವ್ಳೆ. ಕಾರು ಬಿಚ್ಚಿದೆ ಅಂತ ಹೇಳ್ಕೊಂಡು ನಾನಿಲ್ಲಿ ಬೆಂಚ್ ಮೇಲೆ ಟೀ ಕುಡ್ಕೊಂಡು ಹಾಯಾಗಿದ್ದೆ. ನೀನು ಐದ್ ನಿಮಿಷದಲ್ಲಿ ರಿಪೇರಿ ಮಾಡಿ ನನ್ನನ್ನ ಆ ಬಾವಮೈದುನನ ಮನೆಗೆ ಕಳಿಸ್ಬಿಟ್ಟೆ! ನಮ್ಮೂರಲ್ಲಿ ಎಲ್ಲರಿಗೂ ಬಾವಮೈದುನರು ಅವ್ರೆ ಕಣಪ್ಪ. ನಮ್ ಗಾಡಿ ಎಲ್ಲಾ ಇವನತ್ರನೇ."

ಅಂದರೆ ಇಷ್ಟು ವರ್ಷ ಜಂಗಮಕೋಟೆ ನನ್ನ ಕೈಚಳಕ ನೋಡಿ ಬರುತ್ತಿರಲಿಲ್ಲ. ಮನಸ್ಸಿಗೆ ಸ್ವಲ್ಪ ಚುಚ್ಚಿತು. ಆದರೆ ಎದುರಂಗಡಿಯವನ ಮುಖ ನೋಡಿದ ಮೇಲೆ ನೋವು ಅಲ್ಲೇ ಇಳಿದುಹೋಯಿತು.

ಮರುದಿನ ಬೆಳಿಗ್ಗೆ ನಾನು ಶಟರ್ ಎತ್ತುವುದಕ್ಕೂ ಅವನು ರಸ್ತೆ ದಾಟಿ ಬರುವುದಕ್ಕೂ ಸರಿಹೋಯಿತು. ಆ ಕಡೆ ಈ ಕಡೆ ನೋಡಿ, ನನ್ನ ಬೆಂಚಿನ ತುದಿಯಲ್ಲಿ ಕೂತು, ತಗ್ಗಿದ ದನಿಯಲ್ಲಿ ಕೇಳಿದ: "ಅಣ್ಣ, ಒಂದ್ ಕೆಲಸನ ಮೂರ್ ದಿನ ಎಳೆಯೋದು ಹೆಂಗೆ ಅಂತ ನಂಗೂ ಸ್ವಲ್ಪ ಹೇಳ್ಕೊಡಿ."

"ಹೇಳ್ಕೊಡಣ ಬಿಡು" ಅಂದೆ. "ಇವತ್ತಾಗಲ್ಲ. ನಾಳಿದ್ದು ಬಂದು ಒಂದ್ಸಲ ವಿಚಾರಿಸ್ಕೊಂಡು ಹೋಗು."