ಅಲ್ಲಾಡದಿದ್ದರೆ ಆರುವ ದೀಪ

ಪ್ರಕಾಶನ ಕಚೇರಿಯ ಚಾವಣಿಗೆ ಹೊಸ ದೀಪಗಳು ಬಂದದ್ದೇ ಕಂಬಯ್ಯನ ಗ್ರಹಚಾರಕ್ಕೆ ಮೂಲವಾಯಿತು. ಮೇಜಿಗೊಂದು ದೀಪ, ದೀಪಕ್ಕೊಂದು ಸೆನ್ಸರ್. ಕೆಳಗೆ ಯಾರಾದರೂ ಅಲ್ಲಾಡಿದರೆ ಉರಿಯುತ್ತದೆ. ಇಲ್ಲವಾದರೆ ಯಾರೂ ಇಲ್ಲವೆಂದು ತಿಳಿದು ಆರಿಹೋಗುತ್ತದೆ. ಅಷ್ಟು ದಿನ ಖಾಲಿ ಕುರ್ಚಿಗಳಿಗೆ ಬೆಳಕು ಹಿಡಿದು ಕೂತಿದ್ದ ಕಚೇರಿಗೆ ಕೊನೆಗೂ ಬುದ್ಧಿ ಬಂತಲ್ಲ, ಮೆಚ್ಚಲೇಬೇಕು.

ಕರಡು ತಿದ್ದುವ ಕಂಬಯ್ಯನನ್ನೂ ಮೆಚ್ಚಬೇಕು. ಆ ಹೆಸರು ಅಪ್ಪ ಅಮ್ಮ ಇಟ್ಟದ್ದಲ್ಲ, ಸಹೋದ್ಯೋಗಿಗಳದ್ದು. ನಿಘಂಟಿನ ಪುಟಕ್ಕೆ ಕಣ್ಣು ನೆಟ್ಟನೆಂದರೆ ಕಂಬ ಅಲ್ಲಾಡಿದರೂ ಅವನು ಅಲ್ಲಾಡ. ಅಚ್ಚಿನ ತಪ್ಪುಗಳು ತಾವಾಗಿಯೇ ಬಂದು ಶರಣಾಗಬೇಕು. ಅಂಥವನ ತಲೆಯ ಮೇಲೆ ಬೆಳಿಗ್ಗೆಯೇ ದೀಪ ಆರಿತು.

"ಸೆನ್ಸರ್ ಲೆಕ್ಕದಲ್ಲಿ ನೀವಿವತ್ತು ರಜ," ಎಂದಳು ಎದುರು ಮೇಜಿನ ಚಿತ್ರಕಲಾವಿದೆ. "ಸಾಹೇಬರು ಗಾಜಿನ ಕೋಣೆಯಿಂದ ನೋಡ್ತಾ ಇದ್ದಾರೆ. ವಿಭಾಗಕ್ಕೆ ಮುಖ್ಯಸ್ಥರು ಯಾರು ಅಂತ ಸಂಜೆ ಹೇಳ್ತಾರಂತೆ. ಮೇಜು ಕತ್ತಲಾಗಿದ್ರೆ ಹೇಗೆ? ತಲೆ ಆಡಿಸ್ತಾ ಇರಿ."

ಆ ಹುದ್ದೆಗಾಗಿ ಕಾದು ಕಾದು ಕಂಬಯ್ಯನ ತಲೆ ನರೆತಿತ್ತು. "ಈ ಸಲವೂ ಬೇರೆಯವರಿಗೆ ಬಿಟ್ಟುಕೊಟ್ಟು ಬರಬೇಡಿ," ಎಂದು ಹೆಂಡತಿ ಬೆಳಿಗ್ಗೆಯಷ್ಟೇ ಹೇಳಿ ಕಳಿಸಿದ್ದಳು.

ಕೋಲೆಬಸವನಂತೆ ತಲೆಯಾಡಿಸುತ್ತ ಕುಳಿತ. ದೀಪವೇನೋ ಉರಿಯಿತು, ಆದರೆ ಓದಿದ ಸಾಲನ್ನೇ ಮತ್ತೆ ಮತ್ತೆ ಓದುವಂತಾಯಿತು. ಟೀ ತಂದವನು "ಬೇಕಾ?" ಎಂದಾಗ ತಲೆ ಆಡುತ್ತಿತ್ತು. "ಇನ್ನೊಂದು?" ಎಂದಾಗಲೂ ಆಡುತ್ತಿತ್ತು. ಪಕ್ಕದ ಮೇಜಿನ ಆಕಳಿಕೆರಾಯ ಮಾತ್ರ ಗಲ್ಲಕ್ಕೆ ಕೈಕೊಟ್ಟು, ಪೆನ್ನು ಹಿಡಿದುಕೊಂಡೇ ನಿದ್ದೆಹೋಗಿದ್ದ. ಅವನ ದೀಪ ಆರಿ ಎಷ್ಟೋ ಹೊತ್ತಾಗಿತ್ತು. ಸಂಜೆ ಇವನ ಗತಿ ಏನೋ ಎಂದು ಕಂಬಯ್ಯ ಮರುಗಿದ.

ಕುಡಿದ ಟೀ ಸುಮ್ಮನಿರುತ್ತದೆಯೇ? ಶೌಚಾಲಯಕ್ಕೆ ಓಡಿದ. ಇಲ್ಲಿಯಾದರೂ ನೆಮ್ಮದಿಯಾಗಿ ಓದೋಣವೆಂದು, ಕೈತೊಳೆದು ಜೇಬಿನಲ್ಲಿದ್ದ ಕರಡು ಬಿಡಿಸಿ ಮೈಮರೆತ. ಅಲ್ಲಿಯ ದೀಪವೂ ಆರಿತು. ಕಗ್ಗತ್ತಲಲ್ಲಿ ಎರಡೂ ಕೈ ಎತ್ತಿ ಕುಪ್ಪಳಿಸತೊಡಗಿದ. ಬೆಳಕಾದಾಗ ಬಾಗಿಲಲ್ಲಿ ಸಾಹೇಬರು ನಿಂತಿದ್ದರು.

"ಹುಷಾರಾಗಿದೀರಾ?"

"ಕೆಲಸ ಮಾಡ್ತಿದ್ದೆ ಸಾರ್," ಎಂದ ಕಂಬಯ್ಯ, ಕೈ ಇಳಿಸುವುದನ್ನೂ ಮರೆತು.

ಸಂಜೆ ಗಾಜಿನ ಕೋಣೆಯಿಂದ ಕರೆ ಬಂತು. ಅಂಗಿ ಸರಿಮಾಡಿಕೊಂಡು ಹೋದ.

"ಈ ದೀಪಗಳು ಕರೆಂಟ್ ಉಳಿಸೋದಷ್ಟೇ ಅಲ್ಲ ಕಣ್ರೀ, ಮನುಷ್ಯರನ್ನೂ ತೋರಿಸಿಕೊಡ್ತವೆ," ಎಂದರು ಸಾಹೇಬರು ಕಣ್ಣರಳಿಸಿ. "ಕೂತವರ ಮೇಲೆ ದೀಪ ಆರಿದ್ರೆ ಏನರ್ಥ? ಕೆಲಸದಲ್ಲಿ ಅಷ್ಟು ಮುಳುಗಿದಾರೆ ಅಂತ. ಅಂಥವರು ನೀವೇ ಅಂದ್ಕೊಂಡಿದ್ದೆ. ಆದ್ರೆ ಇವತ್ತೆಲ್ಲ ನಿಮಗೆ ಕೂತಲ್ಲಿ ಕೂರೋಕೇ ಆಗಲಿಲ್ಲ. ನಿಮ್ಮ ಪಕ್ಕದವರನ್ನ ನೋಡಿ. ಕತ್ತಲಾದ್ರೂ ಪೆನ್ನು ಕೆಳಗಿಟ್ಟಿಲ್ಲ, ತಲೆ ಎತ್ತಿಲ್ಲ. ಅವರನ್ನೇ ಮುಖ್ಯಸ್ಥರನ್ನಾಗಿ ಮಾಡಿದೀನಿ. ಸ್ವಲ್ಪ ಕರೀತೀರಾ?"

ಬಾಯಿಗೆ ಬಂದ ಸತ್ಯವನ್ನು ಕಂಬಯ್ಯ ನುಂಗಿಕೊಂಡ. ಹೇಳಿದರೆ ಹೊಟ್ಟೆಕಿಚ್ಚು ಅನ್ನುತ್ತಾರೆ. ಕತ್ತಲ ಮೇಜಿನ ಬಳಿ ಹೋಗಿ, ನಿನ್ನೆಯವರೆಗೂ 'ಏಳೋ' ಎಂದು ತಿವಿಯುತ್ತಿದ್ದ ಭುಜವನ್ನು ಮೆಲ್ಲಗೆ ಮುಟ್ಟಿದ.

"ಏಳಿ ಸಾರ್," ಎಂದ. "ನಿಮಗೆ ಬಡ್ತಿ ಬಂದಿದೆ."