ಮದುವಿ ಕುದುರಿಯ ವಿದ್ಯಾರ್ಥಿಗಳು

ನಾ ದನದ ದವಾಖಾನ್ಯಾಗ ಡಾಕ್ಟರಕಿ ಮಾಡಿ ನಿವೃತ್ತಿ ಆದಾವ. ನೌಕರಿ ಇರೂತನಕ ಎಮ್ಮಿ, ಆಕಳ, ಆಡು ಯಾವೂ ನನಗ ಎದುರು ಮಾತಾಡಿದ್ದಿಲ್ಲ. ಮಕ್ಕಳಿಗೆ ಪಾಠ ಹೇಳಾಕ ಹೋದ ಮ್ಯಾಲ ದಿನಾ ಒಂದಿಲ್ಲೊಂದು ಫಜೀತಿ.

ಬಸವಕಲ್ಯಾಣದಾಗ ನನ್ನ ಪರಿಚಯದ ಚಾಚಾ ಒಬ್ಬರು ಮದುವಿಗೆ ಕುದುರಿ ಬಾಡಿಗಿ ಕೊಡ್ತಾರ. ಮದುವಿ ಇಲ್ಲದ ದಿನ ಓಣಿ ಮಕ್ಕಳಿಗೆ ಸವಾರಿ ಕಲಿಸ್ತಾರ. ಹುಮನಾಬಾದದ ಒಂದು ಶಾಲಿಯವರು ಕುದುರಿ ಬಗ್ಗೆ ಮಕ್ಕಳಿಗೆ ಪ್ರಶ್ನೋತ್ತರ ಸ್ಪರ್ಧಾ ಇಟ್ಟಾಗ ಚಾಚಾ ನನ್ನ ಹಿಡಕೊಂಡ್ರು. "ಡಾಕ್ಟರ್ ಸಾಬ್, ಏರೋದು ನಾ ಕಲಿಸೀನಿ. ಹೇಳೋದು ನೀವು ಕಲಿಸ್ರಿ."

ತಂಡದಾಗ ಮೂರು ಮಂದಿ: ಚಾಚಾನ ಮೊಮ್ಮಗ, ಬೇಮಳಖೇಡದ ಒಬ್ಬ ರೈತರ ಹುಡುಗ, ಏಳನೇತ್ತಾ ಓದೋ ಒಂದು ಹುಡುಗಿ. ಕುದುರಿ ಒಂದೇ. ಹೆಸರು ಶಹಜಾದಿ.

೧. ಹಲ್ಲು

"ಕುದುರಿ ವಯಸ್ಸು ಹ್ಯಾಂಗ ಗೊತ್ತಾಗ್ತದ?" ಅಂತ ಕೇಳ್ದೆ. ಹಲ್ಲು ನೋಡಬೇಕು ಅಂತ ಹಿಂದಿನ ವಾರನೇ ಬಾಯಿಪಾಠ ಮಾಡ್ಸಿದ್ದೆ.

ಬೇಮಳಖೇಡದ ಹುಡುಗ ಎದ್ದ. "ಮಾರಾವನ್ನ ಕೇಳ್ಬೇಕ್ರಿ ಸರ್. ಅಂವ ಎಷ್ಟು ಅಂತಾನ, ಅದಕ್ಕ ಅಷ್ಟೇ ಕೂಡಿಸ್ಬೇಕು."

"ಮತ್ತ ಹಲ್ಲು?"

"ಹಲ್ಲೂ ನೋಡ್ಬೇಕ್ರಿ, ಮಾರಾವಂದು. ಬಾಳ ನಗಾಕತ್ತಿದ್ರ ಇನ್ನೆರಡು ವರ್ಷ ಕೂಡಿಸ್ಬೇಕು."

೨. ಲಾಡು

ಕುದುರಿ ಏನು ತಿಂತದ ಅಂದ್ರ ಚಾಚಾನ ಮೊಮ್ಮಗ ಪಟಪಟ ಹೇಳ್ದ: "ಹುಲ್ಲು, ಕಡ್ಲಿ, ಬೂಂದಿ ಲಾಡು."

ನನಗ ಸಿಟ್ಟು ಬಂತು. ಮದುವಿ ಮನಿಯವರು ಪ್ರೀತಿಲೆ ತಿನಿಸ್ತಾರ ಖರೆ, ಆದ್ರ ಕುದುರಿ ಹೊಟ್ಟಿಗೆ ಅದು ಸಲ್ಲಂಗಿಲ್ಲ ಅಂತ ಚಾಚಾಗ ಜೋರಾಗೇ ಹೇಳ್ದೆ.

ಚಾಚಾ ಶಾಂತ ಮನುಷ್ಯ. "ಖರೆ ಸಾಬ್. ಮೊನ್ನಿ ಮದುವ್ಯಾಗ ಶಹಜಾದಿ ಒಂದು ತಿಂದ್ಲು. ಸಕ್ಕರಿ ಬ್ಯಾನಿ ಇದ್ದೂ ನೀವು ಮೂರು ತಿಂದ್ರಿ. ಅಕಿ ನಿಮ್ಮನ್ನೇ ನೋಡಾಕತ್ತಿದ್ಲು."

೩. ಪೇಟಾ

ಶಹಜಾದಿಗೊಂದು ರೂಢಿ ಅದ. ಹುಟ್ಟಿದಾಗಿಂದ ಮದುಮಕ್ಕಳನ್ನೇ ಹೊತ್ತಾಕಿ. ಬರೀ ತಲ್ಯಾಗ ಏರಿದ್ರ ಕಂಬದಂಗ ನಿಲ್ತಾಳ. ಪೇಟಾ ಸುತ್ತಿದಾವ ಕಂಡ್ರ ತಾನೇ ಹೋಗಿ ಮಗ್ಗಲಿಗೆ ನಿಲ್ತಾಳ, ಅಂವ ಏರೂತನಕ ಸರಿಯಂಗಿಲ್ಲ. ಅದಕ್ಕ ಚಾಚಾ ಸವಾರಿ ಕಲಿಯೋ ಮಕ್ಕಳ ತಲಿಗೂ ಒಂದು ಜರಿ ಪೇಟಾ ಇಡ್ತಿದ್ರು.

ಒಂದಿನ ನಮ್ಮ ಹುಡುಗಿ ಪೇಟಾ ಇಟ್ಕೊಂಡು ಕುದುರಿ ಮ್ಯಾಲ ಬಜಾರದಾಗ ಬರಾಕತ್ತಿದ್ಲು. ಎದುರಿಗೆ ಕಾಯಿಪಲ್ಯಾ ತಗೋಳಾಕ ಬಂದ ಅವಳ ಆಯಿ, ಅಂದ್ರ ಅವರಪ್ಪನ ಅವ್ವ.

"ಇಳಿ ಕೆಳಗ," ಅಂದ್ಲು ಆಯಿ. "ಗಂಡು ಏರೋ ಕುದುರಿ ಮ್ಯಾಲ ಹೆಣ್ಣುಹುಡುಗಿ ಕೂತ್ರ ಮಂದಿ ಏನಂದಾರು?"

ಹುಡುಗಿ ಅಳಾಕತ್ತಿದ್ಲು. ಅವಳಿಗೆ ಆ ಕುದುರಿ ಅಂದ್ರ ಜೀವ. ನಾನೂ ಕೈಮುಗದೆ. ಕಡೀಕ ಆಯಿ ಒಂದು ಕರಾರು ಹಾಕಿದ್ಲು: "ಹುಮನಾಬಾದದಿಂದ ಕಪ್ ತಂದ್ರ ಏರ್ಲಿ. ಇಲ್ಲಂದ್ರ ಇಲ್ಲಿಗೇ ಮುಗೀತು."

ಅಷ್ಟರಾಗ ಕಿರಾಣಿ ಅಂಗಡಿಯಾವ ಪೇಟಾ, ಕುದುರಿ, ಅಳು ಎಲ್ಲಾ ನೋಡಿ ಹೊರಗ ಬಂದ. "ಆಯಿ, ಊಟಾ ಎಲ್ಲಿ ಇಟ್ಟೀರಿ?"

೪. ಸನ್ಮಾನ

ಸ್ಪರ್ಧಾದ ದಿನ ಆಯಿನೂ ಬಂದು ಮುಂದಿನ ಸಾಲಿನಾಗೇ ಕೂತ್ಲು. ನಮ್ಮವರು ಚಲೋ ಹೇಳಾಕತ್ತಿದ್ರು. ಆಹಾರದ ಪ್ರಶ್ನಿ ಬಂತು, ಮೊಮ್ಮಗ ಮತ್ತ ಲಾಡು ಅಂದ. ನಾ ಹಣಿ ಹಣಿ ಬಡಕೊಂಡೆ.

ಕಡೀ ಸುತ್ತಿನಾಗ ಕುದುರಿ ಮೈಯ ಒಂದೊಂದು ಭಾಗ ತೋರಿಸಿ ಅದರ ಹೆಸರು ಹೇಳ್ಬೇಕು. ಹತ್ರದಾಗ ಬ್ಯಾರೆ ಕುದುರಿ ಇಲ್ಲಾ ಅಂತ ಶಹಜಾದಿನ್ನೇ ಕರಸಿದ್ರು. ಚಾಚಾ ಅಕಿನ್ನ ಮೈದಾನಕ್ಕ ತರೋ ಹೊತ್ತಿಗೇ, ತಡಾ ಮಾಡಿ ಬಂದ ಮುಖ್ಯ ತೀರ್ಪುಗಾರರಿಗೆ ಸನ್ಮಾನ ನಡದಿತ್ತು. ತಲಿಗೆ ಜರಿ ಪೇಟಾ, ಕೊಳ್ಳಾಗ ಹಾರ, ಬಾಜೂಕ ಶಾಲಿ ಬ್ಯಾಂಡ್.

ಶಹಜಾದಿ ಸೀದಾ ಹೋಗಿ ಅವರ ಮಗ್ಗಲಿಗೆ ನಿಂತ್ಲು. ಚಾಚಾ ಜಗ್ಗಿದ್ರು, ನಾ ನೂಕಿದೆ. ಊಹೂಂ.

"ಏನ್ ಮಾಡಾಕತ್ತದ ಇದು?" ಅಂದ್ರು ತೀರ್ಪುಗಾರರು.

ನಮ್ಮ ಹುಡುಗಿ ಹೇಳಿದ್ಲು: "ನೀವು ಏರ್ಬೇಕ್ರಿ ಸರ್. ಏರೂತನಕ ಸರಿಯಂಗಿಲ್ಲ."

"ನನ್ನ ಮದುವಿ ಆಗಿ ನಲವತ್ತು ವರ್ಷ ಆಯ್ತಲ್ಲವ್ವ."

"ಅದು ಅಕಿಗೆ ಗೊತ್ತಿಲ್ರಿ ಸರ್."

ಬ್ಯಾರೆ ಹಾದಿ ಇದ್ದಿಲ್ಲ. ನಾಕು ಮಂದಿ ಕೂಡಿ ಎತ್ತಿ ಕೂಡಿಸಿದ್ವಿ. ಬ್ಯಾಂಡಿಗೆ ಶಹಜಾದಿ ಕುಣಕೋತ ಒಂದು ಸುತ್ತು ಹೊಡದ್ಲು. ಮಂದಿ ಚಪ್ಪಾಳಿ ತಟ್ಟೇ ತಟ್ಟಿದ್ರು. ಆಯಿ ರೂಢಿ ಬಲದಿಂದ ಎದ್ದು ನಿಂತು ದೂರದಿಂದನೇ ನೆಟಿಗಿ ಮುರದು ತೀರ್ಪುಗಾರರ ದೃಷ್ಟಿ ತಗದ್ಲು.

ನಮಗ ಎರಡನೇ ನಂಬರ್ ಬಂತು. ಕಪ್ ಒಂದೇ ಇತ್ತು, ಅದು ಮೊದಲನೇದವರಿಗೆ ಹೋಯ್ತು.  ಹುಡುಗಿ ಶಹಜಾದಿಯ ಕೊಳ್ಳ ಸವರಿ, ಚೀಲದಾಗಿಂದ ತನ್ನ ಪೇಟಾ ತಗದು ಚಾಚಾನ ಕೈಯಾಗ ಇಟ್ಲು. ನನಗ ನೋಡಾಕ ಆಗಲಿಲ್ಲ.

ಆಯಿ ಬಂದ್ಲು. ಚಾಚಾನ ಕೈಯಾಗಿಂದ ಪೇಟಾ ಇಸಕೊಂಡು ಮೊಮ್ಮಗಳ ತಲಿ ಮ್ಯಾಲ ಇಟ್ಲು.

"ಆ ಮುದುಕ ಎರಡನೇ ಸಲ ಏರ್ಯಾನ, ಮಂದಿ ಏನೂ ಅನಲಿಲ್ಲ. ನಿನಗೇನಂತಾರ, ಏರು."